ಬಸ್ಸಿಗೆ ಎಫ್.ಸಿ., ತಕ್ಕಡಿಗೆ ಮುದ್ರೆ, ಸಿಸ್ಟರಿಗೆ ಏನುಂಟು?

ಯಾದಗಿರಿ ಸ್ಟ್ಯಾಂಡಿನಿಂದ ಹೊರಡುವ ಬಸ್ಸಿಗೆ ಎಫ್.ಸಿ. ಇಲ್ಲದಿದ್ದರೆ ಅದು ರಸ್ತೆಗೆ ಇಳಿಯುವಂತಿಲ್ಲ. ಶಹಾಪುರದ ಕಿರಾಣಿ ಅಂಗಡಿಯ ತಕ್ಕಡಿಗೆ ಮುದ್ರೆ ಬೀಳದಿದ್ದರೆ ಇನ್ಸ್‌ಪೆಕ್ಟರ್ ಬಂದು ದಂಡ ಹಾಕುತ್ತಾನೆ. ಸುರಪುರದ ರೈತ ಬಿತ್ತನೆಗೆ ಮುಂಚೆಯೇ ಟ್ರ್ಯಾಕ್ಟರನ್ನು ಮೇಸ್ತ್ರಿಗೆ ತೋರಿಸಿಕೊಂಡು ಬರುತ್ತಾನೆ. ಕೆಟ್ಟು ನಿಂತ ಮೇಲೆ ರಿಪೇರಿ ಮಾಡಿಸುವುದಕ್ಕಿಂತ ಕೆಡುವ ಮೊದಲೇ ನೋಡಿಸುವುದು ಅಗ್ಗ. ಇದು ವ್ಯಾಪಾರಸ್ಥನಿಗೂ ಗೊತ್ತು, ಡ್ರೈವರನಿಗೂ ಗೊತ್ತು.

ಇದೇ ಬುದ್ಧಿಮಾತನ್ನು ಊರ ಹೆಣ್ಣುಮಕ್ಕಳಿಗೆ ಹೇಳುವ ಕೆಲಸ ನಮ್ಮ ಆಸ್ಪತ್ರೆಗಳ ಸಿಸ್ಟರುಗಳದ್ದು. ಮೂವತ್ತು ದಾಟಿದವರು ಬಾಯಿ, ಸ್ತನ, ಗರ್ಭಕಂಠ ಈ ಮೂರನ್ನೂ ಕ್ಯಾನ್ಸರ್ ತಪಾಸಣೆ ಮಾಡಿಸಿಕೊಳ್ಳಬೇಕು ಎಂದು ತಿಳಿಸಿ ಹೇಳುವವರು ಅವರು. ನಾಚುವವರ ನಾಚಿಕೆ ಬಿಡಿಸುವವರೂ ಅವರೇ, ಹೆದರುವವರ ಕೈ ಹಿಡಿದು ಮೇಜಿನ ಮೇಲೆ ಮಲಗಿಸುವವರೂ ಅವರೇ.

ಇಲ್ಲಿ ಒಂದು ಪ್ರಶ್ನೆ ಹುಟ್ಟುತ್ತದೆ. ಊರಿಗೆಲ್ಲ ಹೇಳುವ ಸಿಸ್ಟರು ತಾವು ಆ ತಪಾಸಣೆ ಮಾಡಿಸಿಕೊಂಡಿದ್ದಾರೆಯೇ?

ಮಣಿಪುರದ ಇಂಫಾಲದಲ್ಲಿ ದೊಡ್ಡ ಆಸ್ಪತ್ರೆಯೊಂದರ ನರ್ಸುಗಳನ್ನು ಇದೇ ಪ್ರಶ್ನೆ ಕೇಳಿದರು. ಉತ್ತರ 2013ರಲ್ಲಿ ಪ್ರಕಟವಾಯಿತು. ಗರ್ಭಕಂಠದ ಕ್ಯಾನ್ಸರ್ ಅಂದರೆ ಏನು, ಅದನ್ನು ಮೊದಲೇ ಹಿಡಿಯುವ ಪ್ಯಾಪ್ ಸ್ಮಿಯರ್ ಪರೀಕ್ಷೆ ಅಂದರೆ ಏನು ಎಂಬುದು ಹೆಚ್ಚಿನವರಿಗೆ ಗೊತ್ತಿತ್ತು. ಆದರೆ ಒಮ್ಮೆಯಾದರೂ ಆ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಹನ್ನೊಂದೋ ಹನ್ನೆರಡೋ ಮಂದಿ! ಉಳಿದವರೆಲ್ಲ ತಿಳಿದೂ ಸುಮ್ಮನಿದ್ದವರು.

ಇಂಫಾಲ ಎಲ್ಲಿ, ಇಂಗಳಗಿ ಎಲ್ಲಿ ಎನ್ನಬೇಡಿ. ಆಸ್ಪತ್ರೆಯ ಗೋಡೆಯೊಳಗಿನ ಬದುಕು ಎಲ್ಲ ಕಡೆ ಒಂದೇ. ಅದೇ ಡ್ಯೂಟಿ, ಅದೇ ರಜೆಯ ಜಗ್ಗಾಟ, ಅದೇ ಸಂಕೋಚ.

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ" ಎಂದು ನಗುವುದು ಸುಲಭ. ಆದರೆ ಇದು ನಗುವ ವಿಷಯವಲ್ಲ. ಇಲ್ಲಿ ಪಣಕ್ಕಿರುವುದು ಸಿಸ್ಟರ ಜೀವ. ಅವರ ಬಾಯಿಂದ ಧೈರ್ಯ ಪಡೆಯುವ ನಮ್ಮ ನಿಮ್ಮ ಮನೆಯ ಹೆಣ್ಣುಮಕ್ಕಳ ಜೀವವೂ ಅದರ ಜೊತೆಗೇ ಇದೆ.

ದೇಶದ ಲೆಕ್ಕ

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜು ನೋಡಿ. ಆ ಒಂದು ವರ್ಷದಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಣ್ಣುಮಕ್ಕಳಿಗೆ ಸ್ತನ ಕ್ಯಾನ್ಸರ್ ಬಂತು. ಸತ್ತವರು 98 ಸಾವಿರ. ಗರ್ಭಕಂಠದ ಕ್ಯಾನ್ಸರ್ ಬಂದವರು ಸುಮಾರು 1 ಲಕ್ಷ 27 ಸಾವಿರ, ಸತ್ತವರು 80 ಸಾವಿರದ ಹತ್ತಿರ. ಎರಡೂ ಸೇರಿದರೆ ವರ್ಷಕ್ಕೆ ಒಂದೂಮುಕ್ಕಾಲು ಲಕ್ಷಕ್ಕೂ ಮಿಕ್ಕಿ ಹೆಣ್ಣುಮಕ್ಕಳ ಸಾವು.

ತಪಾಸಣೆಯ ಲೆಕ್ಕವೋ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು ಇಬ್ಬರೂ ಪೂರ್ತಿ ಇಲ್ಲ. ಸ್ತನ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ. ಸರ್ಕಾರ 2016ರಲ್ಲೇ ನಿಯಮಾವಳಿ ಹೊರಡಿಸಿ, 30 ದಾಟಿದವರಿಗೆಲ್ಲ ಐದು ವರ್ಷಕ್ಕೊಮ್ಮೆ ಈ ತಪಾಸಣೆ ಆಗಬೇಕು ಎಂದಿತ್ತು. ಕಾಗದ ಬಂತು, ಜನ ಬರಲಿಲ್ಲ.

2009ರ ಡಿಸೆಂಬರಿನಲ್ಲಿ ಗುಲಬರ್ಗಾದಿಂದ ಬೇರೆಯಾಗಿ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲೂಕು ಕಟ್ಟಿಕೊಂಡು ಹುಟ್ಟಿದ ಜಿಲ್ಲೆ ನಮ್ಮದು. ಈಗ ಆರು ತಾಲೂಕಾಗಿವೆ. ಯಾದಗಿರಿಗೆ ಮೆಡಿಕಲ್ ಕಾಲೇಜೂ ಬಂದಿದೆ. 2018ರಲ್ಲಿ ದೆಹಲಿಯವರು ದೇಶದ ಹಿಂದುಳಿದ ಜಿಲ್ಲೆಗಳ ಪಟ್ಟಿ ಮಾಡಿ "ಮಹತ್ವಾಕಾಂಕ್ಷಿ ಜಿಲ್ಲೆ" ಎಂದು ಚಂದದ ಹೆಸರಿಟ್ಟಾಗ ಕರ್ನಾಟಕದಿಂದ ಅದರಲ್ಲಿ ಸೇರಿದ್ದು ರಾಯಚೂರು ಮತ್ತು ಯಾದಗಿರಿ, ಎರಡೇ. ಇಂಥ ಜಿಲ್ಲೆಯಲ್ಲಿ ಹಳ್ಳಿಯ ಹೆಣ್ಣುಮಗಳು ಡಾಕ್ಟರ ಮುಖ ನೋಡುವ ಮೊದಲು ನೋಡುವುದು ಸಿಸ್ಟರ ಮುಖವನ್ನು. ಕಾಗದದಲ್ಲಿ ಅವರ ಹುದ್ದೆಗೆ ಉದ್ದುದ್ದ ಹೆಸರುಗಳಿದ್ದರೂ ಜನರ ಬಾಯಲ್ಲಿ ಅವರು ನರ್ಸಮ್ಮ, ಸಿಸ್ಟರ್.

ರೋಗ ಬರುವ ದಾರಿ

ಗರ್ಭಚೀಲದ ಬಾಯಿಗೆ ಬರುವ ಕ್ಯಾನ್ಸರು ಶಾಪದಿಂದ ಬರುವುದಲ್ಲ, ನಡತೆಗೆಟ್ಟು ಬರುವುದೂ ಅಲ್ಲ. ಎಚ್‌ಪಿವಿ ಎಂಬ ವೈರಾಣುವಿನಿಂದ ಬರುವುದು. ಇದನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ಸಂಸಾರ ಮಾಡಿದ ಬಹುತೇಕ ಗಂಡಸರು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ವೈರಾಣು ತಗಲುತ್ತದೆ. ಹೆಚ್ಚಿನವರಲ್ಲಿ ತಾನಾಗಿ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಬೇರು ಬಿಟ್ಟು ಕೂರುತ್ತದೆ. ಎಳೆ ವಯಸ್ಸಿನ ಮದುವೆ, ಮೇಲಿಂದ ಮೇಲೆ ಹೆರಿಗೆ, ತಂಬಾಕು, ಶರೀರದ ರೋಗನಿರೋಧಕ ಶಕ್ತಿ ಕುಂದುವುದು, ಇವೆಲ್ಲ ಅಪಾಯ ಹೆಚ್ಚಿಸುತ್ತವೆ.

ಹಾಗೆ ಕೂತ ವೈರಾಣು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ. ಇದೊಂದು ಮಾತನ್ನು ಓದುಗರು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಕಳ್ಳ ಮನೆಗೆ ನುಗ್ಗಿ ಹದಿನೈದು ವರ್ಷ ಹಿತ್ತಲಲ್ಲಿ ಕೂತಿರುತ್ತಾನೆ! ಅಷ್ಟರಲ್ಲಿ ಒಮ್ಮೆ ಬ್ಯಾಟರಿ ಹಾಕಿ ನೋಡಿದರೆ ಸಾಕು, ಸಿಕ್ಕಿಬೀಳುತ್ತಾನೆ.

ನೋಡುವ ವಿಧಾನವೂ ದೊಡ್ಡದಲ್ಲ. ಗರ್ಭಕಂಠಕ್ಕೆ ತಿಳಿಯಾದ ಅಸಿಟಿಕ್ ಆಸಿಡ್ ದ್ರಾವಣ ಹಚ್ಚುತ್ತಾರೆ. ಉಪ್ಪಿನಕಾಯಿಗೆ ಹಾಕುವ ವಿನೆಗರಿನಲ್ಲಿ ಇರುವುದೂ ಅದೇ. ಒಂದು ನಿಮಿಷ ಬಿಟ್ಟು ಬೆಳಕು ಹಾಕಿ ನೋಡುತ್ತಾರೆ. ಕೆಟ್ಟ ಜೀವಕೋಶವಿದ್ದ ಕಡೆ ಬಿಳಿ ಮಚ್ಚೆ ಏಳುತ್ತದೆ. ಇದಕ್ಕೆ ವಿ.ಐ.ಎ. ಎನ್ನುತ್ತಾರೆ. ಪ್ರಯೋಗಾಲಯ ಬೇಡ, ವಾರಗಟ್ಟಲೆ ರಿಪೋರ್ಟಿಗೆ ಕಾಯುವುದು ಬೇಡ. ಮಚ್ಚೆ ಕಂಡ ಮಾತ್ರಕ್ಕೆ ಕ್ಯಾನ್ಸರ್ ಎಂದೂ ಅಲ್ಲ. ಮುಂದಿನ ಪರೀಕ್ಷೆ ಬೇಕು ಎಂದಷ್ಟೇ ಅರ್ಥ. ಕ್ಯಾನ್ಸರ್ ಆಗುವ ಮೊದಲಿನ ಹಂತವಾಗಿದ್ದರೆ ಆ ಭಾಗವನ್ನು ಶೀತದಿಂದಲೋ ಶಾಖದಿಂದಲೋ ಸುಟ್ಟು ತೆಗೆದು ಅದೇ ದಿನ ಮನೆಗೆ ಕಳಿಸಬಹುದು. ಮುಟ್ಟು ನಿಂತ ವಯಸ್ಸಿನವರಿಗೆ ಮಾತ್ರ ವಿ.ಐ.ಎ. ಅಷ್ಟು ಸರಿಹೋಗುವುದಿಲ್ಲ. ಅವರಿಗೆ ಪ್ಯಾಪ್ ಸ್ಮಿಯರ್ ಅಥವಾ ಎಚ್‌ಪಿವಿ ಪರೀಕ್ಷೆ ಮೇಲು.

ಸಿಸ್ಟರ ಕೈಗುಣ

ಇದನ್ನು ದೊಡ್ಡ ಡಾಕ್ಟರೇ ಮಾಡಬೇಕೇ? ಬೇಡ ಎಂದು ನಮ್ಮ ದೇಶದಲ್ಲೇ ತೋರಿಸಿ ಆಗಿದೆ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ 2000ದ ನಂತರ ನರ್ಸುಗಳಿಗೆ ಮೂರು ವಾರದ ತರಬೇತಿ ಕೊಟ್ಟು ಹಳ್ಳಿ ಹಳ್ಳಿಯಲ್ಲಿ ವಿ.ಐ.ಎ. ಮಾಡಿಸಿದರು. 31 ಸಾವಿರಕ್ಕೂ ಹೆಚ್ಚು ಹೆಂಗಸರ ತಪಾಸಣೆ ಆಯಿತು. 2007ರಲ್ಲಿ ಫಲಿತಾಂಶ ಬಂದಾಗ ಗರ್ಭಕಂಠದ ಕ್ಯಾನ್ಸರ್ ಬರುವುದು ನೂರಕ್ಕೆ 25ರಷ್ಟು, ಸಾವು ನೂರಕ್ಕೆ 35ರಷ್ಟು ಇಳಿದಿತ್ತು. ಇಳಿಸಿದ್ದು ನರ್ಸುಗಳ ಕೈ!

ಮುಂಬೈಯ ಕೊಳಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು 1998ರಿಂದ ಇನ್ನೂ ದೊಡ್ಡ ಕೆಲಸ ಮಾಡಿದರು. ಹತ್ತನೇ ಇಯತ್ತೆ ಓದಿದ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟರು. ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿದರು. ಆ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು. ಅದೇ ಹೆಣ್ಣುಮಕ್ಕಳು ಬರಿಗೈಯಿಂದ ಮುಟ್ಟಿ ಸ್ತನ ಪರೀಕ್ಷೆಯನ್ನೂ ಮಾಡಿದರು. 2021ರಲ್ಲಿ ಬಂದ ಲೆಕ್ಕದಲ್ಲಿ 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ನೂರಕ್ಕೆ 30ರ ಹತ್ತಿರ ಇಳಿದಿತ್ತು.

ಇನ್ನು ನಮ್ಮ ಆಳಂದದ ಗಡಿಯಾಚೆಯ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆ. ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆ ಮತ್ತು ಟಾಟಾದವರು ಸೇರಿ ಅಲ್ಲಿಯ ಹಳ್ಳಿಗಳಲ್ಲಿ 1 ಲಕ್ಷ 31 ಸಾವಿರ ಹೆಂಗಸರ ಮೇಲೆ ಅಧ್ಯಯನ ಮಾಡಿದರು. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ ಸಾವು ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. 2009ರಲ್ಲಿ ಜಗತ್ತೇ ಇದನ್ನು ಓದಿತು. ಜೋಳ ತಿನ್ನುವ, ತೊಗರಿ ಬೆಳೆಯುವ, ನಮ್ಮಂಥದೇ ಜನ ಅವರು. ಅಲ್ಲಿ ಆದದ್ದು ಇಲ್ಲಿ ಆಗದೇ?

ಮತ್ತೆ ಸಿಸ್ಟರೇ ಏಕೆ ಹಿಂದೆ?

ಇಂಫಾಲದಲ್ಲಿ ನರ್ಸುಗಳು ಕೊಟ್ಟ ಕಾರಣಗಳನ್ನು ನಮ್ಮ ಸೀಮೆಯ ಮಾತಿಗೆ ಇಳಿಸಿದರೆ ಹೀಗಾಗುತ್ತದೆ: "ನಮಗೇನ್ ಆಗ್ಯದ ರೀ, ಗಟ್ಟಿ ಅದೀವಿ." "ಯಾರೂ ಮಾಡಿಸ್ಕೋ ಅಂತ ಹೇಳಿಲ್ಲ." "ಡಾಕ್ಟರೂ ಬರೆದು ಕೊಟ್ಟಿಲ್ಲ." "ಆ ಪರೀಕ್ಷಾ ಅಂದ್ರ ಅಂಜಿಕಿ ಬರ್ತದ."

ಮೊದಲನೆಯ ಕಾರಣವೇ ಮೋಸ. ತಪಾಸಣೆ ಇರುವುದೇ ಗಟ್ಟಿ ಇದ್ದವರಿಗೆ. ಮುಟ್ಟಿಲ್ಲದಾಗ ರಕ್ತ ಕಾಣುವುದು, ಸಂಸಾರ ಮಾಡಿದ ಮೇಲೆ ರಕ್ತ ಬೀಳುವುದು, ದುರ್ವಾಸನೆಯ ಬಿಳಿಸೆರಗು, ಇವೆಲ್ಲ ಶುರುವಾದ ಮೇಲೆ ಮಾಡುವುದು ತಪಾಸಣೆಯಲ್ಲ, ರೋಗಪತ್ತೆ. ಇದು ಸಿಸ್ಟರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಆದರೆ ದಿನಾ ರೋಗಿಗಳ ನಡುವೆ ಓಡಾಡುವವರಿಗೆ ರೋಗ ಅಂದರೆ ಮಂಚದ ಮೇಲೆ ಮಲಗಿದವರಿಗೆ ಬರುವಂಥದ್ದು, ಮಂಚದ ಪಕ್ಕ ನಿಂತವರಿಗಲ್ಲ ಎನಿಸಿಬಿಡುತ್ತದೆ.

ಎರಡನೆಯದು, ಹೇಳುವವರಿಲ್ಲ. ಊರಿಗೆಲ್ಲ ಇವರೇ ಹೇಳುವವರು, ಇವರಿಗೆ ಹೇಳುವವರಾರು? ನೆನಪು ಮಾಡಿಕೊಳ್ಳಿ. 2021ರ ಜನವರಿ 16ರಂದು ದೇಶದಲ್ಲಿ ಕೊರೋನಾ ಲಸಿಕೆ ಶುರುವಾದಾಗ ಮೊದಲ ಸಾಲಿನಲ್ಲಿ ನಿಲ್ಲಿಸಿದ್ದು ಇವರನ್ನೇ. ಹೆಸರು ಬರೆದು, ದಿನ ಕೊಟ್ಟು, ಕರೆದು ಹಾಕಿದರು. ಇವರು ಉಳಿದರೆ ಊರು ಉಳಿದೀತು ಎಂಬ ಲೆಕ್ಕ ಆಗ ಸರ್ಕಾರಕ್ಕಿತ್ತು. ಕ್ಯಾನ್ಸರ್ ತಪಾಸಣೆಗೆ ಆ ಲೆಕ್ಕ ಏಕಿಲ್ಲ?

ಮೂರನೆಯದು ಯಾರೂ ಗಟ್ಟಿಯಾಗಿ ಆಡದ ಮಾತು. ಸಣ್ಣ ಊರು, ಸಣ್ಣ ಆಸ್ಪತ್ರೆ. ತಪಾಸಣೆ ಮಾಡುವವರು ಯಾರು? ಜೊತೆಗೆ ಕೂತು ಡಬ್ಬಿ ಊಟ ಮಾಡುವ ಗೆಳತಿ, ಇಲ್ಲವೇ ನಾಳೆ ಬೆಳಿಗ್ಗೆ ರೌಂಡ್ಸಿನಲ್ಲಿ ಎದುರಾಗುವ ಡಾಕ್ಟರು. ಅವರ ಮುಂದೆ ಆ ಮೇಜು ಹತ್ತಿ ಮಲಗುವುದು ಯಾವ ಹೆಣ್ಣುಮಗಳಿಗೆ ಸಲೀಸು? ಏನಾದರೂ ಕಂಡುಬಂದರೆ ಸಂಜೆಯೊಳಗೆ ಕ್ವಾರ್ಟರ್ಸಿಗೆಲ್ಲ ಸುದ್ದಿಯಾದೀತು ಎಂಬ ಅಂಜಿಕೆ ಬೇರೆ. ಹೊರಗಿನ ಹೆಣ್ಣುಮಗಳಿಗೆ ಆಸ್ಪತ್ರೆ ಪರಸ್ಥಳ. ಸಿಸ್ಟರಿಗೆ ಅದು ಓಣಿ ಇದ್ದಂತೆ.

ನಾಲ್ಕನೆಯದು ಪುರಸೊತ್ತು. ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದರೆ ರೊಟ್ಟಿ ಬಡಿಯುವ ಪಾಳಿ ಶುರು. ಗುತ್ತಿಗೆ ಮೇಲೆ ದುಡಿಯುವವರಿಗೆ ರಜೆ ಕೇಳುವುದೆಂದರೇ ಎದೆ ಡವಡವ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಸುರಪುರದಿಂದ ಕಲಬುರಗಿಗೆ ಪುಕ್ಕಟೆ ಹೋಗಬಹುದು. ಬಸ್ಸೇನೋ ಪುಕ್ಕಟೆ, ದಿನ ಪುಕ್ಕಟೆಯೇ?

ರಾತ್ರಿ ಪಾಳಿಯ ಇನ್ನೊಂದು ಮುಖ

ನರ್ಸುಗಳಿಗೆ ಜಗತ್ತು ತೀರಿಸಬೇಕಾದ ಒಂದು ಋಣವಿದೆ. 1976ರಲ್ಲಿ ಅಮೆರಿಕದಲ್ಲಿ 1 ಲಕ್ಷ 21 ಸಾವಿರ ನರ್ಸುಗಳನ್ನು ಸೇರಿಸಿಕೊಂಡು ಒಂದು ಆರೋಗ್ಯ ಅಧ್ಯಯನ ಶುರು ಮಾಡಿದರು. ನರ್ಸುಗಳನ್ನೇ ಏಕೆ ಆರಿಸಿದರು? ಶರೀರದ ಬಗ್ಗೆ ಕೇಳಿದರೆ ಅವರು ಸರಿಯಾದ, ನಂಬುವಂಥ ಉತ್ತರ ಕೊಡುತ್ತಾರೆ ಎಂದು. ಅವರು ಎರಡೆರಡು ವರ್ಷಕ್ಕೊಮ್ಮೆ ಪ್ರಶ್ನೆಪತ್ರ ತುಂಬಿ ಕಳಿಸುತ್ತ ಬಂದರು. ಬೀಡಿ ಸಿಗರೇಟು, ಮಾತ್ರೆ, ಊಟ, ಬೊಜ್ಜು ಇವುಗಳಿಗೂ ಹೆಣ್ಣುಮಕ್ಕಳ ಕ್ಯಾನ್ಸರಿಗೂ ಇರುವ ನಂಟಿನ ಬಗ್ಗೆ ಇಂದು ಡಾಕ್ಟರುಗಳು ಹೇಳುವ ಎಷ್ಟೋ ಮಾತು ಆ ಉತ್ತರಗಳಿಂದ ಬಂದದ್ದು.

ಅದೇ ಅಧ್ಯಯನದಿಂದ 2001ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಆಗಾಗ ರಾತ್ರಿ ಪಾಳಿ ಮಾಡಿದ ನರ್ಸುಗಳಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಕಂಡಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು "ಬಹುಶಃ ಕ್ಯಾನ್ಸರ್ ತರಬಲ್ಲದ್ದು" ಎಂಬ ಪಟ್ಟಿಗೆ ಸೇರಿಸಿತು. ಎಲ್ಲ ಅಧ್ಯಯನಗಳೂ ಒಂದೇ ಮಾತು ಹೇಳುವುದಿಲ್ಲ, ಅಂಜಿಕೊಂಡು ಡ್ಯೂಟಿ ಬಿಡಬೇಕಾಗಿಯೂ ಇಲ್ಲ. ಆದರೆ ನಮಗಾಗಿ ನಿದ್ದೆಗೆಟ್ಟವರಿಗೆ ತಪಾಸಣೆ ಮಾಡಿಸುವ ಹೊಣೆ ನಮ್ಮ ಮೇಲೆ ಹೆಚ್ಚೇ ಬೀಳುತ್ತದೆ.

ಸ್ತನದ ವಿಷಯದಲ್ಲಿ ಒಂದು ತಪ್ಪು ತಿಳುವಳಿಕೆ ತೆಗೆಯಬೇಕು. "ನಾನೇ ಸ್ನಾನ ಮಾಡುವಾಗ ಮುಟ್ಟಿ ನೋಡಿಕೋತೀನಿ, ಅಷ್ಟು ಸಾಕು" ಎನ್ನುವವರಿದ್ದಾರೆ. ಚೀನಾದ ಶಾಂಘೈ ನಗರದಲ್ಲಿ ಬಟ್ಟೆ ಗಿರಣಿಗಳ 2 ಲಕ್ಷ 66 ಸಾವಿರ ಹೆಣ್ಣು ಕಾರ್ಮಿಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಇದನ್ನು ಕಲಿಸಿ ನೋಡಿದರು. ಅದೊಂದರಿಂದಲೇ ಸಾವು ಇಳಿಯಲಿಲ್ಲ ಎಂದು 2002ರಲ್ಲಿ ಗೊತ್ತಾಯಿತು. ತನ್ನ ಶರೀರ ತನಗೆ ತಿಳಿದಿರಬೇಕು, ಗಂಟು ಕಂಡರೆ, ತೊಟ್ಟು ಒಳಗೆ ಸೆಳೆದರೆ, ರಕ್ತ ಸೋರಿದರೆ ಮರುದಿನವೇ ತೋರಿಸಬೇಕು, ಇದು ಸರಿ. ಆದರೆ ಪಳಗಿದ ಇನ್ನೊಂದು ಕೈ ಮುಟ್ಟಿ ನೋಡುವುದು ತಪ್ಪಬಾರದು.

ತಡವಾದರೆ ಏನಾಗುತ್ತದೆ?

ಹತ್ತು ನಿಮಿಷದ ತಪಾಸಣೆ ಬಿಟ್ಟವರು ಮುಂದೆ ಕಟ್ಟಬೇಕಾದ ಬೆಲೆ ಕೇಳಿ. ಗರ್ಭಕಂಠದ ಕ್ಯಾನ್ಸರ್ ಬಲಿತ ಮೇಲೆ ವಿಕಿರಣ ಚಿಕಿತ್ಸೆ ಐದಾರು ವಾರ. ವಾರಕ್ಕೆ ಐದು ದಿನ, ದಿನಾ ಒಂದು ಸಲ. ಯಾದಗಿರಿ ಜಿಲ್ಲೆಯವರಿಗೆ ಅದು ಕಲಬುರಗಿಯಲ್ಲಿರುವ ಕಿದ್ವಾಯಿ ಕೇಂದ್ರ, ಇಲ್ಲವೇ ಸೊಲ್ಲಾಪುರ, ಬಾರ್ಶಿ, ಬೆಂಗಳೂರು. ರೂಮು ಮಾಡಬೇಕು, ಜೊತೆಗೊಬ್ಬರು ಇರಬೇಕು, ಮನೆಯಲ್ಲಿ ಮಕ್ಕಳನ್ನು ನೋಡುವವರು ಬೇಕು. ಕಾರ್ಡಿದ್ದವರಿಗೆ ಆಯುಷ್ಮಾನ್ ಯೋಜನೆಯಲ್ಲಿ ಚಿಕಿತ್ಸೆಯ ಖರ್ಚು ಸಿಕ್ಕೀತು. ಹೋದ ಗಳಿಕೆ ಸಿಗುವುದಿಲ್ಲ, ಹೋದ ಜೀವವಂತೂ ಸಿಗುವುದೇ ಇಲ್ಲ. ಮೊದಲ ಹಂತದಲ್ಲೇ ಸಿಕ್ಕರೆ ಹತ್ತರಲ್ಲಿ ಎಂಟು ಮಂದಿಗೂ ಹೆಚ್ಚು ಐದು ವರ್ಷ ದಾಟುತ್ತಾರೆ. ಕೊನೆಯ ಹಂತದಲ್ಲಿ ಸಿಕ್ಕವರಲ್ಲಿ ಇಬ್ಬರು ದಾಟುವುದೂ ಕಷ್ಟ.

ಒಬ್ಬ ಸಿಸ್ಟರ್ ಹೀಗೆ ಹಾಸಿಗೆ ಹಿಡಿದರೆ ಅವರ ಮನೆಯೊಂದೇ ಕುಸಿಯುವುದಿಲ್ಲ. "ದವಾಖಾನೆಯವರಿಗೇ ಗೊತ್ತಾಗಲಿಲ್ಲ, ನಮಗೇನು ಗೊತ್ತಾದೀತು" ಎಂಬ ಮಾತು ಹಳ್ಳಿಯಲ್ಲಿ ಹಬ್ಬುತ್ತದೆ. ಹತ್ತು ಭಾಷಣದಲ್ಲಿ ಕಟ್ಟಿದ ಧೈರ್ಯ ಅಲ್ಲಿಗೆ ಮುಗಿಯಿತು. ಅದೇ, "ನಾನೂ ಮಾಡಿಸ್ಕೊಂಡೀನಿ ಅವ್ವಾ, ನೋವಿಲ್ಲ, ಹತ್ತು ಮಿನಿಟು" ಎಂದು ಒಬ್ಬ ಸಿಸ್ಟರ್ ಹೇಳಿದರೆ ನೂರು ಪೋಸ್ಟರ್ ಮಾಡದ ಕೆಲಸ ಆಗುತ್ತದೆ.

ಮೂರೂರಿನ ಅದಲು ಬದಲು

ಹಾಗಾದರೆ ದಾರಿ ಏನು? ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ, ಬೆಂಗಳೂರಿನಿಂದ ತಜ್ಞರ ತಂಡವೂ ಬೇಡ. ಮೂರು ಊರು ಸಾಕು.

ಸುರಪುರದ ಸಿಸ್ಟರುಗಳು ಒಂದು ದಿನ ಶಹಾಪುರಕ್ಕೆ ಬರಲಿ. ಶಹಾಪುರದವರು ಯಾದಗಿರಿಗೆ ಹೋಗಲಿ. ಯಾದಗಿರಿಯವರು ಸುರಪುರಕ್ಕೆ ಹೋಗಲಿ. ತಪಾಸಣೆ ಮಾಡುವ ಕೈ ಹೆಣ್ಣಿನದೇ ಆಗಿರಲಿ, ಪಳಗಿದ್ದಾಗಿರಲಿ, ಆದರೆ ದಿನಾ ಎದುರಾಗುವ ಮುಖ ಆಗದಿರಲಿ. ನಾಚಿಕೆಯ ಅರ್ಧ ಭಾಗ ಅಲ್ಲಿಯೇ ಕಳೆಯುತ್ತದೆ. ರಿಪೋರ್ಟು ಮುಚ್ಚಿದ ಲಕೋಟೆಯಲ್ಲಿ ಅವರ ಕೈಗೇ ಹೋಗಲಿ, ಆಫೀಸಿನ ಟಪಾಲಿನಲ್ಲಿ ಬೇಡ. ಆ ದಿನವನ್ನು ರಜೆ ಎಂದು ಬರೆಯದೆ ಡ್ಯೂಟಿ ಎಂದೇ ಬರೆಯಲಿ. ಗುತ್ತಿಗೆಯವರಿಗೂ, ಆಶಾ ಕಾರ್ಯಕರ್ತೆಯರಿಗೂ, ವಾರ್ಡು ತೊಳೆಯುವ ಆಯಾಗಳಿಗೂ ಇದೇ ನಿಯಮ ಇರಲಿ. ವೈರಾಣುವಿಗೆ ಕಾಯಂ, ಗುತ್ತಿಗೆ ಎಂಬ ಭೇದ ಇಲ್ಲ. ಖಾಸಗಿ ನರ್ಸಿಂಗ್ ಹೋಮುಗಳಲ್ಲಿ ದುಡಿಯುವ ಹುಡುಗಿಯರನ್ನೂ ಮರೆಯಬಾರದು.

ಇಷ್ಟಕ್ಕೆ ಬೇಕಾದದ್ದು ಜಿಲ್ಲಾ ಆರೋಗ್ಯಾಧಿಕಾರಿಗಳ ಒಂದು ಸುತ್ತೋಲೆ, ಮೂರು ಊರಿನ ಆಸ್ಪತ್ರೆಗಳ ಪಾಳಿ ಪಟ್ಟಿಯಲ್ಲಿ ಸ್ವಲ್ಪ ಹೊಂದಾಣಿಕೆ. ಮೂವತ್ತು ದಾಟಿದ ಒಬ್ಬೊಬ್ಬರಿಗೆ ಐದು ವರ್ಷಕ್ಕೆ ಒಂದು ದಿನ. ಇದೂ ಹೆಚ್ಚಾಯಿತೇ?

ಮನೆಯವರಿಗೂ ಒಂದು ಮಾತು. ಅಂಗಡಿ ಗಲ್ಲಾದ ಮೇಲೆ ಕೂತು ಇದನ್ನು ಓದುತ್ತಿರುವವರ ಮನೆಯಲ್ಲೂ ಸಿಸ್ಟರ್ ಇರಬಹುದು. ಹೆಂಡತಿ, ತಂಗಿ, ಸೊಸೆ, ಮಗಳು ಯಾರಾದರೂ ಆಗಿರಬಹುದು. ಅವರ ಪಗಾರ ಬಂತೇ ಎಂದು ಕೇಳುವ ನಾವು, ತಪಾಸಣೆ ಆಯಿತೇ ಎಂದು ಕೇಳಿದ್ದೇವೆಯೇ? ಇವತ್ತು ಸಂಜೆ ಮನೆಗೆ ಹೋಗಿ ಕೇಳಿ. ಮನೆಯಲ್ಲಿ 9ರಿಂದ 14 ವಯಸ್ಸಿನ ಹೆಣ್ಣುಮಗು ಇದ್ದರೆ ಎಚ್‌ಪಿವಿ ಲಸಿಕೆಯ ಬಗ್ಗೆ ಡಾಕ್ಟರಲ್ಲಿ ವಿಚಾರಿಸಿ. ಅದಕ್ಕೆ ಸರಿಯಾದ ವಯಸ್ಸು ಅದೇ. ಲಸಿಕೆ ಹಾಕಿಸಿದರೂ ಮುಂದೆ 30 ದಾಟಿದ ಮೇಲೆ ತಪಾಸಣೆ ತಪ್ಪಿಸುವಂತಿಲ್ಲ.

ಪ್ರತಿ ವರ್ಷ ಮೇ 12 ಬರುತ್ತದೆ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ನರ್ಸುಗಳ ದಿನ. ಮೇಣದ ಬತ್ತಿ ಹಚ್ಚುವುದು, ಶಾಲು ಹೊದಿಸುವುದು, ಭಾಷಣ, ಫೋಟೋ, ಆಮೇಲೆ ಚಹಾ ಬಿಸ್ಕೀಟು. ಬರುವ ಮೇ 12ಕ್ಕೆ ಶಾಲು ಬೇಡ. ಆ ವಾರ ಮೂರೂರಿನ ಸಿಸ್ಟರುಗಳಿಗೆ ಪಾಳಿಯ ಮೇಲೆ ಒಂದೊಂದು ದಿನ ಕೊಟ್ಟು ಬಸ್ಸು ಹತ್ತಿಸಿ. ಬಸ್ಸಿಗೆ ಎಫ್.ಸಿ. ಇದೆ, ಒಳಗೆ ಕೂತವರಿಗೂ ಒಂದು ತಪಾಸಣೆ ಆಗಿ ಬರಲಿ. ಸಂಬಂಧಪಟ್ಟವರು ಮನಸ್ಸು ಮಾಡುವರೇ?